ಬಚ್ಚಲು ದಾಟಿದ ನೀರು

ಅಹಮದಾಬಾದಿನಿಂದ ನೈಋತ್ಯಕ್ಕೆ ಸುಮಾರು 80 ಕಿಲೋಮೀಟರ್ ಸಾಗಿದರೆ ಧೋಲ್ಕಾ ತಾಲ್ಲೂಕಿನ ಸರಗವಾಲಾ ಹಳ್ಳಿ ಸಿಗುತ್ತದೆ. ಈ ಸೀಮೆಗೆ ಭಾಲ್ ಎಂದು ಹೆಸರು. ನೋಡಿದಷ್ಟೂ ಚಪ್ಪಟೆ ಬಯಲು, ಉಪ್ಪು ಬೆರೆತ ಎರೆಮಣ್ಣು, ಗಿಡಮರ ಅಪರೂಪ. ಮಳೆಗಾಲದಲ್ಲಿ ನಿಂತ ನೀರು ಬೇಗ ಹರಿದುಹೋಗುವುದಿಲ್ಲ. ಆ ಹಸಿಯನ್ನೇ ನೆಚ್ಚಿಕೊಂಡು ರೈತರು ಇಲ್ಲಿ ಭಾಲಿಯಾ ಗೋಧಿ ಬೆಳೆಯುತ್ತಾರೆ. ಹಳ್ಳಿಯ ಪಕ್ಕದಲ್ಲೇ ಒಂದು ದಿಬ್ಬವಿದೆ. 1955ರಲ್ಲಿ ಅದನ್ನು ಅಗೆಯಲು ಶುರುಮಾಡಿದವರ ಮುಂದಾಳು ಒಬ್ಬ ಕನ್ನಡಿಗ. ಶಿಕಾರಿಪುರ ರಂಗನಾಥ ರಾವ್ ಎಂಬುದು ಪೂರ್ಣ ಹೆಸರಾದರೂ ಲೋಕಕ್ಕೆ ಅವರು ಎಸ್. ಆರ್. ರಾವ್. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ಬರೋಡಾದ ಪುರಾತತ್ವ ಇಲಾಖೆಯಲ್ಲಿ ದುಡಿದು, ಆಮೇಲೆ ಭಾರತೀಯ ಪುರಾತತ್ವ ಸರ್ವೇಕ್ಷಣೆಗೆ ಸೇರಿದವರು. ಆ ದಿಬ್ಬದಡಿಯಿಂದ ಅವರು ಹೊರತೆಗೆದದ್ದು ಸಿಂಧೂ ನಾಗರಿಕತೆಯ ಬಂದರು ಪಟ್ಟಣ ಲೋಥಲ್.

ಲೋಥಲ್‌ಗೆ ಹೋದವರೆಲ್ಲ ಹಡಗುಕಟ್ಟೆ ಎನ್ನಲಾದ ದೊಡ್ಡ ಇಟ್ಟಿಗೆ ಕೊಳವನ್ನು ನೋಡಿ ಬೆರಗಾಗುತ್ತಾರೆ. ಅದಕ್ಕಿಂತ ಹೆಚ್ಚು ಬೆರಗು ಹುಟ್ಟಿಸಬೇಕಾದದ್ದು ಅಲ್ಲಿನ ಬಚ್ಚಲು. ಸುಟ್ಟ ಇಟ್ಟಿಗೆಗಳನ್ನು ಸಂದಿಯಿಲ್ಲದಂತೆ ಜೋಡಿಸಿ, ನೀರು ಒಂದೇ ಕಡೆಗೆ ಇಳಿಯುವಂತೆ ವಾಟ ಕೊಟ್ಟ ನೆಲ. ಅಲ್ಲಿಂದ ಹೊರಟ ಸಣ್ಣ ಕಾಲುವೆ ಬೀದಿಯ ಮೋರಿಗೆ ಸೇರುತ್ತದೆ, ಮೋರಿ ಊರಾಚೆಗೆ ಸಾಗುತ್ತದೆ. ಕಸ ತಡೆಯಲು ಮರದ ಜಾಲರಿ ಇಳಿಬಿಡುವ ಜಾಡುಗಳನ್ನೂ ಮೋರಿಯ ಬಾಯಲ್ಲಿ ಕೊರೆದಿದ್ದಾರೆ. ಬೀದಿ ಮೋರಿಗೆ ಕೂಡದ ಮನೆಗಳಲ್ಲಿ ದೊಡ್ಡ ಮಣ್ಣಿನ ಹಂಡೆಯನ್ನು ನೆಲದಲ್ಲಿ ಹೂತಿದ್ದಾರೆ. ಬಚ್ಚಲ ನೀರು ಅದರೊಳಗೆ ಬೀಳುತ್ತದೆ, ಗಸಿ ತಳಕ್ಕೆ ಕೂರುತ್ತದೆ, ನೀರು ಸುತ್ತಲ ಮಣ್ಣಿಗೆ ಇಂಗುತ್ತದೆ.

ನಾಲ್ಕು ಸಾವಿರ ವರ್ಷ ಹಳೆಯದಾದ ಆ ಹಂಡೆಗೆ ಕರ್ನಾಟಕದ ಗ್ರಾಮ ಪಂಚಾಯ್ತಿಗಳಲ್ಲಿ ಈಗಿರುವ ಹೆಸರು ಬಚ್ಚಲುಗುಂಡಿ. ಗುಜರಾತಿನಲ್ಲಿ ಶೋಷಖಾಡೊ, ಅಂದರೆ ಹೀರುವ ಗುಂಡಿ. ಉದ್ಯೋಗ ಖಾತ್ರಿಯಲ್ಲಿ ಅದನ್ನು ತೋಡಿಸಿಕೊಂಡ ಮನೆಗಳು ಎರಡೂ ರಾಜ್ಯಗಳಲ್ಲಿವೆ. ತೋಡಿಸಿಕೊಳ್ಳದ ಮನೆಗಳು ಅದಕ್ಕಿಂತ ಹೆಚ್ಚು. ಅಂಥ ಕಡೆ ಬಚ್ಚಲು ದಾಟಿದ ನೀರು ಹಿತ್ತಿಲಿಗೋ ಬೀದಿಗೋ ಬಂದು, ಅಲ್ಲೇ ನಿಂತು, ನೀಲಿಗಟ್ಟಿ ನಾರುತ್ತದೆ.

ಈ ನೀರಿನಲ್ಲಿ ಇರುವುದೇನು? ಗುಜರಾತಿನ ಹಳ್ಳಿಮನೆಯ ಅಂಗಳದಲ್ಲಿ ಚೋಕಡಿ ಎಂಬ ಒಂದು ಚೌಕ ಜಾಗ ಇರುತ್ತದೆ. ಪಾತ್ರೆ ಬೆಳಗುವುದು, ಬಟ್ಟೆ ಒಗೆಯುವುದು ಅಲ್ಲೇ. ಅಲ್ಲಿಂದ ಹೊರಡುವ ನೀರಿನಲ್ಲಿ ಅನ್ನದ ಅಗುಳು, ಎಣ್ಣೆ ಜಿಡ್ಡು, ಸೋಪು, ಮೈಕೊಳೆ, ಒಂದಿಷ್ಟು ಮಣ್ಣು ಇರುತ್ತವೆ. ಇದು ಬೂದು ನೀರು. ಶೌಚಾಲಯದಿಂದ ಬರುವುದು ಕಪ್ಪು ನೀರು. ಪ್ರಮಾಣದಲ್ಲಿ ಬೂದು ನೀರು ಹೆಚ್ಚು, ಅಪಾಯದಲ್ಲಿ ಕಪ್ಪು ನೀರು ಹೆಚ್ಚು. ಟೈಫಾಯ್ಡ್, ಕಾಲರಾ, ಕಾಮಾಲೆಯ ಕ್ರಿಮಿಗಳು, ದುಂಡುಹುಳುವಿನ ಮೊಟ್ಟೆಗಳು ಬರುವುದು ಮುಖ್ಯವಾಗಿ ಮಲದ ಮೂಲಕ. ಎರಡನ್ನೂ ಒಂದೇ ಮೋರಿಗೆ ಬಿಟ್ಟರೆ ಸುಲಭವಾಗಿ ಶುದ್ಧವಾಗಬಹುದಾಗಿದ್ದ ನೀರಿನ ರಾಶಿಯೆಲ್ಲ ಕಷ್ಟದ ನೀರಾಗಿಬಿಡುತ್ತದೆ. ಹಳ್ಳಿಯ ಮಟ್ಟಿಗೆ ಅರಿತುಕೊಳ್ಳಬೇಕಾದ ಮೊದಲ ಪಾಠ ಇದು.

ಕೊಳಚೆಯನ್ನು ಅಳೆಯಲು ವಿಜ್ಞಾನಿಗಳಿಗೆ ಒಂದು ಒಳ್ಳೆಯ ಉಪಾಯವಿದೆ. ಅದರೊಳಗಿನ ಒಂದೊಂದು ಕೊಳೆಯನ್ನೂ ಎಣಿಸುತ್ತ ಕೂರುವ ಬದಲು, ಆ ಕೊಳೆಯನ್ನು ತಿಂದು ಮುಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕಾಯಿತು ಎಂದು ನೋಡುತ್ತಾರೆ. ಇದಕ್ಕೆ ಬಿಓಡಿ ಎನ್ನುತ್ತಾರೆ. ಜೈವಿಕ ಆಮ್ಲಜನಕ ಬೇಡಿಕೆ. ತಂಪು ದೇಶಗಳಲ್ಲಿ ನೀರಿನ ಮಾದರಿಯನ್ನು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಐದು ದಿನ ಇಟ್ಟು ಅಳೆಯುತ್ತಾರೆ. ಭಾರತದಲ್ಲಿ 27 ಡಿಗ್ರಿಯಲ್ಲಿ ಮೂರೇ ದಿನ ಸಾಕು, ಏಕೆಂದರೆ ಬಿಸಿಯಲ್ಲಿ ಸೂಕ್ಷ್ಮಜೀವಿಗಳು ಬೇಗಬೇಗ ಉಣ್ಣುತ್ತವೆ. ಮನೆಗಳಿಂದ ಬರುವ ಕೊಳಚೆಯ ಬಿಓಡಿ ಲೀಟರಿಗೆ ಸಾಮಾನ್ಯವಾಗಿ 200ರಿಂದ 300 ಮಿಲಿಗ್ರಾಂ. ನಮ್ಮ ಹವೆಯಲ್ಲಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿರಬಹುದಾದ ಆಮ್ಲಜನಕವೋ ಸುಮಾರು 8 ಮಿಲಿಗ್ರಾಂ ಅಷ್ಟೇ. ಅಂದರೆ ಒಂದು ಕೊಡ ಕೊಳಚೆಯ ಹಸಿವು ತೀರಲು ಮೂವತ್ತು ಕೊಡ ಕೆರೆನೀರಿನ ಉಸಿರು ಬೇಕು. ಊರಿನ ಮೋರಿ ಕೆರೆಗೆ ತಿರುಗಿದ ಕೆಲವೇ ದಿನಗಳಲ್ಲಿ ಮೀನುಗಳು ಬಾಯ್ತೆರೆದು ಮೇಲೆ ತೇಲುವುದು ಈ ಲೆಕ್ಕದಿಂದಲೇ. ಅವು ಸಾಯುವುದು ವಿಷದಿಂದಲ್ಲ, ಉಸಿರುಕಟ್ಟಿ.

ಹಾಗಾದರೆ ಮಣ್ಣಿಗೆ ಬಿಟ್ಟರೆ ಏನಾಗುತ್ತದೆ? ಅಲ್ಲಿ ನಡೆಯುವುದು ಬರೀ ಸೋಸುವಿಕೆಯಲ್ಲ. ಬಚ್ಚಲುಗುಂಡಿಯ ಗೋಡೆಗೆ ನೀರು ತಾಗುವ ಜಾಗದಲ್ಲಿ ಕೆಲವು ವಾರಗಳಲ್ಲೇ ಲೋಳೆಯಂಥ ತೆಳುಪದರ ಕಟ್ಟುತ್ತದೆ. ಅದು ಜೀವಂತ ಪದರ. ಕೋಟ್ಯಂತರ ಬ್ಯಾಕ್ಟೀರಿಯಾಗಳ ಊರು. ಹಾದುಹೋಗುವ ನೀರಿನಿಂದ ಅವು ಅನ್ನದ ತಿಳಿಯನ್ನೂ ಜಿಡ್ಡನ್ನೂ ಹಿಡಿದು ತಿನ್ನುತ್ತವೆ. ಅದನ್ನು ದಾಟಿದ ನೀರು ಮಣ್ಣಿನ ಕಣಗಳ ನಡುವೆ ಇಳಿಯುವಾಗ ಅಲ್ಲಿ ಗಾಳಿ ಇರುತ್ತದೆ, ಗಾಳಿ ಬೇಕಾದ ಬೇರೆ ಬ್ಯಾಕ್ಟೀರಿಯಾಗಳಿರುತ್ತವೆ. ರೋಗಕಾರಕ ಕ್ರಿಮಿಗಳು ಈ ಪರಿಸರದಲ್ಲಿ ಬಹುಕಾಲ ಬಾಳಲಾರವು. ಆದರೆ ಇದಕ್ಕೆಲ್ಲ ನೀರು ನಿಧಾನವಾಗಿ ಇಳಿಯಬೇಕು, ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಒಣ ಮಣ್ಣು ಇರಬೇಕು. ಕನಿಷ್ಠ ಎರಡು ಮೀಟರ್ ಬೇಕು ಎನ್ನುತ್ತಾರೆ ತಿಳಿದವರು. ಜಿಡ್ಡು ನೇರವಾಗಿ ಗುಂಡಿಗೆ ಹೋದರೆ ಮಣ್ಣಿನ ಬಾಯಿ ಮುಚ್ಚಿಹೋಗುತ್ತದೆ. ಅದಕ್ಕೇ ಗುಂಡಿಯ ಬಾಯಲ್ಲಿ ತೂತಿನ ಮಡಕೆ ಇಟ್ಟು, ಅದರಲ್ಲಿ ತೆಂಗಿನ ನಾರನ್ನೋ ಹುಲ್ಲನ್ನೋ ತುಂಬಿ, ಆಗಾಗ ತೆಗೆದು ಬದಲಿಸಬೇಕು. ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿ, ಅದರ ತುಂಬ ಕಲ್ಲು, ಮೇಲೊಂದು ಮಡಕೆ. ಇಷ್ಟು ಕೆಲಸಕ್ಕೆ ಇಂಜಿನಿಯರ್ ಬೇಕಿಲ್ಲ.

ಒಂದೇ ಗುಂಡಿ ಎಲ್ಲ ನೆಲಕ್ಕೂ ಒಗ್ಗುವುದಿಲ್ಲ ಎಂಬುದಕ್ಕೆ ಗುಜರಾತಿನ ಅಹಮದಾಬಾದ್, ವಡೋದರಾ, ಸೂರತ್ ಜಿಲ್ಲೆಗಳೇ ಸಾಕ್ಷಿ. ಅಹಮದಾಬಾದಿನ ಪೂರ್ವ ಭಾಗದಿಂದ ವಡೋದರಾದ ಕಡೆಗೆ ಹಬ್ಬಿರುವುದು ಗೋರಾಡು ಎಂಬ ಮರಳುಗೋಡು. ನೀರು ಕುಡಿಯುವ ಮಣ್ಣು. ಬಚ್ಚಲುಗುಂಡಿ ಇಲ್ಲಿ ವರ್ಷಗಟ್ಟಲೆ ದುಡಿಯುತ್ತದೆ. ಸೂರತ್ ಜಿಲ್ಲೆಯ ಬಾರ್ಡೋಲಿ ಸುತ್ತಮುತ್ತ ಎರೆಭೂಮಿ. ಮಳೆ ಬಿದ್ದರೆ ಉಬ್ಬಿ ಬಿಗಿದುಕೊಳ್ಳುವ, ಬೇಸಿಗೆಯಲ್ಲಿ ಬಾಯಿಬಿಡುವ ಮಣ್ಣು. ಅದರ ಮೇಲೆ ತಾಪಿ ನದಿಯ ಕಾಕ್ರಾಪಾರ್ ಮತ್ತು ಉಕಾಯಿ ಕಾಲುವೆಗಳ ನೀರು ದಶಕಗಳಿಂದ ಹರಿದು ಅನೇಕ ಕಡೆ ಅಂತರ್ಜಲ ಮೇಲೆದ್ದು ನಿಂತಿದೆ. ಅಲ್ಲಿ ಗುಂಡಿ ತೋಡಿದರೆ ನೀರು ಇಂಗುವ ಬದಲು ಉಕ್ಕಿ ಬರಬಹುದು. ಭಾಲ್ ಪ್ರದೇಶದ ಕಥೆಯೂ ಅದೇ. ವಿಜಯಪುರ, ಕಲಬುರಗಿಯ ಎರೆಹೊಲದ ಊರುಗಳ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದರ ಇನ್ನೊಂದು ತುದಿ ದಕ್ಷಿಣ ಕನ್ನಡ, ಕಾಸರಗೋಡು. ಜಂಬಿಟ್ಟಿಗೆಯ ಬಿರುಕುಗಳಲ್ಲಿ ನೀರು ಸರಸರ ಇಳಿದು ಮಣ್ಣಿಗೆ ತೊಳೆಯಲು ಪುರಸೊತ್ತೇ ಸಿಗುವುದಿಲ್ಲ, ಮನೆಗೊಂದು ಬಾವಿ ಬೇರೆ. ಗುಂಡಿಗೂ ಬಾವಿಗೂ ಹತ್ತು ಮೀಟರ್ ಅಂತರ ಬೇಕೆಂಬ ಮಾತು ಅಲ್ಲಿ ಬಲು ಮುಖ್ಯ.

ಈಗೇಕೆ ಈ ವಿಷಯ ತುರ್ತಾಯಿತು? 2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾಯಿತು. ಹಳ್ಳಿಯ ಪ್ರತಿ ಮನೆಗೂ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ನೀರು ಎಂಬುದು ಗುರಿ. ಮೂರೇ ವರ್ಷದಲ್ಲಿ, 2022ರ ಅಕ್ಟೋಬರಿನಲ್ಲಿ, ಗುಜರಾತು ತನ್ನ ಎಲ್ಲ ಹಳ್ಳಿಮನೆಗಳಿಗೂ ನಲ್ಲಿ ತಲುಪಿತೆಂದು ಸಾರಿತು. ಹೆಂಗಸರ ತಲೆಯ ಮೇಲಿನ ಕೊಡ ಇಳಿಸಿದ ಈ ಕೆಲಸ ದೊಡ್ಡದು. ಆದರೆ ಲೆಕ್ಕ ಹಾಕಿ ನೋಡಬೇಕು. 1,500 ಜನರ ಊರಿಗೆ ದಿನಕ್ಕೆ 82,500 ಲೀಟರ್ ನೀರು ಬಂತು ಎಂದುಕೊಳ್ಳೋಣ. ಅದರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬಚ್ಚಲಿನಿಂದ ಹೊರಗೆ ಬಂದರೂ 57,000 ಲೀಟರ್ ದಾಟುತ್ತದೆ. 5,000 ಲೀಟರಿನ ಹನ್ನೊಂದು ಟ್ಯಾಂಕರುಗಳು ಪ್ರತಿ ಬೆಳಗ್ಗೆ ಊರಿಗೆ ಬಂದು ಬೀದಿಯಲ್ಲೇ ಕೊಳಚೆ ಸುರಿದು ಹೋದಂತೆ. ಬಾವಿಯಿಂದ ಸೇದಿ ತರುತ್ತಿದ್ದ ಕಾಲದಲ್ಲಿ ಇಷ್ಟು ನೀರೂ ಇರಲಿಲ್ಲ, ಇಷ್ಟು ಕೊಳಚೆಯೂ ಇರಲಿಲ್ಲ.

ನಿಂತ ಕೊಳಚೆ ಕ್ಯೂಲೆಕ್ಸ್ ಸೊಳ್ಳೆಗೆ ತೊಟ್ಟಿಲು. ತಿಳಿನೀರನ್ನು ಬಯಸುವ ಸೊಳ್ಳೆಗಳಿಗೆ ವಿರುದ್ಧವಾಗಿ ಇದಕ್ಕೆ ನಾರುವ ನೀರೇ ಇಷ್ಟ. ಬೆಚ್ಚಗಿನ ದಿನಗಳಲ್ಲಿ ವಾರ, ಹತ್ತು ದಿನದೊಳಗೆ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. ಆನೆಕಾಲು ರೋಗ ಹರಡುವುದು ಇದೇ ಸೊಳ್ಳೆ. ಸೂರತ್ ಸೇರಿದಂತೆ ದಕ್ಷಿಣ ಗುಜರಾತ್ ಈ ರೋಗದ ಹಳೆಯ ಸೀಮೆ. ನಮ್ಮ ಕಲಬುರಗಿ, ಬೀದರ್, ಯಾದಗಿರಿ, ಕರಾವಳಿ ಜಿಲ್ಲೆಗಳೂ ಅಷ್ಟೇ. ನೀರು ಮಣ್ಣಿನೊಳಗೆ ಇಳಿದುಹೋದರೆ ಈ ಸೊಳ್ಳೆಗೆ ಮೊಟ್ಟೆಯಿಡಲು ಜಾಗವಿರುವುದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಸುಜಲಾಂ ಎಂಬ ನೂರು ದಿನಗಳ ಅಭಿಯಾನದಲ್ಲಿ ದೇಶದಾದ್ಯಂತ ಹತ್ತು ಲಕ್ಷ ಇಂಗುಗುಂಡಿಗಳ ಗುರಿ ಇಟ್ಟುಕೊಂಡದ್ದರ ಹಿಂದೆ ಈ ತಿಳಿವಳಿಕೆಯೂ ಇದೆ.

ನಗರಗಳು ಬೇರೆ ದಾರಿ ಹಿಡಿದವು. ಅಹಮದಾಬಾದಿನ ಹಳೇ ಪೇಟೆಯ ಪೋಳ್‌ಗಳಲ್ಲಿ, ಅಂದರೆ ಒತ್ತೊತ್ತಾದ ಮನೆಗಳ ಓಣಿಗಳಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಮನೆಮನೆಗೂ ಖಾಳಕೂವೊ ಇತ್ತು. ಅದೂ ಇಂಗುಗುಂಡಿಯೇ. ಆದರೆ ಹಳ್ಳಿಯಲ್ಲಿ ಮದ್ದಾಗುವುದು ಜನ ಕಿಕ್ಕಿರಿದ ಪೇಟೆಯಲ್ಲಿ ವಿಷವಾಗುತ್ತದೆ. ಸಾವಿರಾರು ಗುಂಡಿಗಳ ರಸ ಒಂದೇ ನೆಲಕ್ಕೆ ಇಳಿದು ಬಾವಿಗಳು ಕೆಟ್ಟವು. 1861ರಲ್ಲಿ ಆ ಊರಿಗೆ ಮೊದಲ ಬಟ್ಟೆ ಗಿರಣಿ ತಂದ ರಣಛೋಡ್‌ಲಾಲ್ ಛೋಟಾಲಾಲ್ ಮುಂದೆ ಪುರಸಭೆಯ ಅಧ್ಯಕ್ಷರಾದಾಗ ಕೊಳಾಯಿ ನೀರಿಗೂ ನೆಲದಡಿಯ ಗಟರಿಗೂ ಹಟ ಹಿಡಿದು ಹೋರಾಡಿದರು. ತೆರಿಗೆ ಹೆಚ್ಚುತ್ತದೆಂದು ಊರವರೇ ಎದುರು ನಿಂತರೂ ಕೆಲಸ ಶುರುವಾಯಿತು. ಪೇಟೆಯ ಆರೋಗ್ಯಕ್ಕೆ ಅದು ಬೇಕೇ ಇತ್ತು.

ಆದರೆ ಗಟರು ಕೊಳಚೆಯನ್ನು ಸಾಗಿಸುತ್ತದೆಯೇ ಹೊರತು ಅಳಿಸುವುದಿಲ್ಲ. ಅಹಮದಾಬಾದಿನ ಕೆಳಗೆ ಸಾಬರಮತಿ ನದಿಗೆ 1976ರಲ್ಲಿ ವಾಸಣಾ ಬ್ಯಾರೇಜು ಬಂತು. ಮೇಲುಗಡೆ ನರ್ಮದಾ ಕಾಲುವೆಯ ನೀರು ತುಂಬಿದ ಅಂದದ ನದೀತೀರವಿದೆ. ಬೇಸಿಗೆಯಲ್ಲಿ ಬ್ಯಾರೇಜಿನ ಕೆಳಗೆ ಹರಿಯುವುದು ಬಹುಮಟ್ಟಿಗೆ ಊರಿನ ಕೊಳಚೆ ಮತ್ತು ಕಾರ್ಖಾನೆಗಳ ನೀರು. ಪಿರಾಣಾದಲ್ಲಿ ದಿನಕ್ಕೆ 10.6 ಕೋಟಿ ಲೀಟರ್, ವಾಸಣಾದಲ್ಲಿ 12.6 ಕೋಟಿ ಲೀಟರ್ ಸಾಮರ್ಥ್ಯದ ಸಂಸ್ಕರಣ ಘಟಕಗಳನ್ನು ಕಟ್ಟಿದರು. ಊರು ಅವುಗಳಿಗಿಂತ ಬೇಗ ಬೆಳೆಯಿತು. ನದಿಯ ಸ್ಥಿತಿ ಎಷ್ಟು ಕೆಟ್ಟಿತೆಂದರೆ 2021ರಲ್ಲಿ ಗುಜರಾತ್ ಹೈಕೋರ್ಟ್ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು. ನಗರದ ಕೆಳಗಿನ ಹಳ್ಳಿಗಳ ರೈತರು ಪಂಪು ಇಟ್ಟು ಇದೇ ನೀರನ್ನು ಹೊಲಕ್ಕೆ ಹಾಯಿಸುತ್ತಾರೆ. ಅದರಲ್ಲಿ ಸಾರಜನಕ, ರಂಜಕ ಧಾರಾಳವಾಗಿ ಇರುವುದರಿಂದ ಗೋಧಿ, ಭತ್ತ, ತರಕಾರಿ ಹುಲುಸಾಗಿ ಬರುತ್ತವೆ. ಜೊತೆಗೆ ಕೊಕ್ಕೆಹುಳು ಬರುತ್ತದೆ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ರಾಸಾಯನಿಕವೂ ಬರುತ್ತದೆ. ಕಾರ್ತಿಕ ಹುಣ್ಣಿಮೆಯಲ್ಲಿ ಏಳು ನದಿಗಳ ಸಂಗಮವೆಂದು ಸಾವಿರಾರು ಜನ ಮುಳುಗೇಳುವ ವೌಠಾ ಇರುವುದೂ ಈ ಹಾದಿಯಲ್ಲೇ, ಅದೇ ಧೋಲ್ಕಾ ತಾಲ್ಲೂಕಿನಲ್ಲಿ. ನಗರ ತನ್ನ ಬಚ್ಚಲನ್ನು ಹಳ್ಳಿಯ ಮೇಲೆ ತೆರೆದಿದೆ ಎಂಬ ಮಾತು ಕಟುವಾದರೂ ನಿಜ.

ಕಪ್ಪು ನೀರಿಗೆ ಹಳ್ಳಿಯಲ್ಲೇ ಮುಗಿಯುವ ಉತ್ತರವೊಂದು ಇದೇ ಸಾಬರಮತಿಯ ದಂಡೆಯಲ್ಲಿ ಬೆಳೆಯಿತು. 1917ರಲ್ಲಿ ಗಾಂಧೀಜಿ ಆಶ್ರಮವನ್ನು ಇಲ್ಲಿಗೆ ತಂದಾಗ ಮಲದ ಮೇಲೆ ಮಣ್ಣು ಮುಚ್ಚಿ ಗೊಬ್ಬರ ಮಾಡುವುದು ಆಶ್ರಮವಾಸಿಗಳ ದಿನಚರಿಯ ಭಾಗವಾಯಿತು. ಮುಂದೆ ಅದೇ ಆಶ್ರಮದ ಆವರಣದಲ್ಲಿ ಸಫಾಯಿ ವಿದ್ಯಾಲಯ ಹುಟ್ಟಿತು. ಅದನ್ನು ಬೆಳೆಸಿದ ಈಶ್ವರಭಾಯಿ ಪಟೇಲರು ಮಲ ಹೊರುವ ಪದ್ಧತಿ ಹೋಗಬೇಕಾದರೆ ಮಲವನ್ನು ಯಾರೂ ಮುಟ್ಟಬೇಕಾಗದ ಶೌಚಾಲಯ ಬರಬೇಕು ಎಂದು ನಂಬಿದವರು. ಅವರು ಊರೂರಿಗೆ ಒಯ್ದದ್ದು ಜೋಡಿಗುಂಡಿಯ ಶೌಚಾಲಯವನ್ನು.

ಅದರ ರಚನೆ ಸರಳ. ಮುಂದೆ ಕವಲೊಡೆಯುವ ಒಂದು ಕೊಳವೆ, ಅದರ ತುದಿಯಲ್ಲಿ ಎರಡು ಗುಂಡಿ. ಗೋಡೆಯ ಇಟ್ಟಿಗೆಗಳ ನಡುವೆ ಸಂದು ಬಿಟ್ಟಿರುತ್ತಾರೆ, ತಳಕ್ಕೆ ಸಿಮೆಂಟ್ ಹಾಕುವುದಿಲ್ಲ. ಒಂದು ಗುಂಡಿಗೆ ಮಲ ಹೋಗುತ್ತದೆ, ಇನ್ನೊಂದು ಕೊಳವೆಗೆ ಬಿರಡೆ. ನೀರೂ ಅನಿಲವೂ ಮಣ್ಣಿಗೆ ಸೇರುತ್ತವೆ, ಗಟ್ಟಿ ಉಳಿಯುತ್ತದೆ. ಐದಾರು ಜನರ ಮನೆಗೆ ಒಂದು ಗುಂಡಿ ತುಂಬಲು ಕೆಲವು ವರ್ಷವೇ ಬೇಕು. ಆಗ ಬಿರಡೆಯನ್ನು ಈ ಕಡೆಗೆ ಬದಲಿಸಿ ತುಂಬಿದ ಗುಂಡಿಯನ್ನು ಒಂದೂವರೆ, ಎರಡು ವರ್ಷ ಮುಟ್ಟದೆ ಬಿಟ್ಟರೆ ಸಾಕು. ತಿನ್ನಲು ಹೊಸದೇನೂ ಸಿಗದ ಕ್ರಿಮಿಗಳು ಸಾಯುತ್ತವೆ, ಉಳಿದದ್ದು ಕಾಫಿಪುಡಿಯಂಥ ವಾಸನೆಯಿಲ್ಲದ ಗೊಬ್ಬರ. ಇದನ್ನು ನಂಬಿಸಲು 2017ರ ಫೆಬ್ರುವರಿಯಲ್ಲಿ ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ಕೇಂದ್ರ ಸರ್ಕಾರದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ಮತ್ತು ಹಲವು ರಾಜ್ಯಗಳ ಅಧಿಕಾರಿಗಳು ಸ್ವತಃ ಗುಂಡಿಗಿಳಿದು ಗೊಬ್ಬರವನ್ನು ಎತ್ತಿ ಹಾಕಿದರು. ಶತಮಾನಗಳಿಂದ ಒಂದು ಜಾತಿಯ ತಲೆಯ ಮೇಲೆ ಹೊರಿಸಿದ್ದ ಕೆಲಸಕ್ಕೆ ದೊಡ್ಡ ಹುದ್ದೆಯವರು ಕೈ ಹಾಕಿದ ಆ ದಿನವನ್ನು ಮರೆಯಬಾರದು.

ಹಾಗಿದ್ದರೂ ಕೈಯಲ್ಲಿ ನಾಲ್ಕು ಕಾಸು ಬಂದ ಹಳ್ಳಿಮನೆ ಕಟ್ಟಿಸುವುದು ಜೋಡಿಗುಂಡಿಯನ್ನಲ್ಲ, ದೊಡ್ಡ ಸೆಪ್ಟಿಕ್ ಟ್ಯಾಂಕನ್ನು. ದೊಡ್ಡದಿದ್ದರೆ ಬೇಗ ತುಂಬುವುದಿಲ್ಲ ಎಂಬ ಭಾವನೆ. ಟ್ಯಾಂಕಿನಲ್ಲಿ ನಡೆಯುವುದು ಅರ್ಧ ಕೆಲಸ: ಗಸಿ ಕೆಳಗೆ ಕೂತು ಗಾಳಿಯಿಲ್ಲದೆ ಕೊಳೆಯುತ್ತದೆ, ಮೇಲಿನ ನೀರು ಅರೆಬರೆ ಕೊಳೆಯಾಗಿಯೇ ಹೊರಬರುತ್ತದೆ. ಆ ನೀರಿಗೆ ಇಂಗುಗುಂಡಿ ಬೇಕು. ಬಹಳ ಕಡೆ ಅದಿಲ್ಲ, ಕೊಳವೆ ನೇರ ಮೋರಿಗೆ. ಎರಡು ಮೂರು ವರ್ಷಕ್ಕೊಮ್ಮೆ ಗಸಿ ತೆಗೆಸಬೇಕು ಎಂಬುದನ್ನಂತೂ ನೆನಪಿಡುವವರು ವಿರಳ. ನೆನಪಾದ ದಿನ ಯಾರನ್ನೋ ಒಳಗಿಳಿಸುತ್ತಾರೆ.

2019ರ ಜೂನ್ ತಿಂಗಳಲ್ಲಿ ವಡೋದರಾ ಜಿಲ್ಲೆಯ ಡಭೋಯಿ ತಾಲ್ಲೂಕಿನ ಫರ್ತಿಕುಯಿ ಎಂಬ ಹಳ್ಳಿಯ ಹೋಟೆಲೊಂದರಲ್ಲಿ ಅದೇ ಆಯಿತು. ಒಬ್ಬ ಟ್ಯಾಂಕಿಗೆ ಇಳಿದ, ಮೇಲೆ ಬರಲಿಲ್ಲ. ಅವನನ್ನು ಉಳಿಸಲು ಇಳಿದವರೂ ಬರಲಿಲ್ಲ. ಒಟ್ಟು ಏಳು ಜನ ಸತ್ತರು. ನಾಲ್ವರು ಸಫಾಯಿ ಕೆಲಸದವರು, ಮೂವರು ಹೋಟೆಲಿನ ನೌಕರರು. ಗಾಳಿಯಿಲ್ಲದೆ ಕೊಳೆಯುವ ಮಲದಿಂದ ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತವೆ. ಎರಡನೆಯದು ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದಾಗ ಮೂಗಿನ ನರವನ್ನೇ ಮರಗಟ್ಟಿಸುವುದರಿಂದ ವಾಸನೆ ನಿಂತುಹೋಗುತ್ತದೆ, ಅಪಾಯ ಕಳೆಯಿತೆಂದು ಮನುಷ್ಯ ತಿಳಿಯುತ್ತಾನೆ. ಕೆಲವೇ ಉಸಿರಿಗೆ ಎಚ್ಚರ ತಪ್ಪುತ್ತದೆ. ರಕ್ಷಣೆಯಿಲ್ಲದೆ ಮನುಷ್ಯರನ್ನು ಟ್ಯಾಂಕಿಗೆ ಇಳಿಸುವುದನ್ನು 2013ರ ಕಾಯ್ದೆ ಅಪರಾಧವೆಂದು ಹೇಳಿದೆ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಗೆಳೆಯರು ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2014ರಲ್ಲಿ ಇಂಥ ಪ್ರತಿ ಸಾವಿಗೂ 10 ಲಕ್ಷ ರೂಪಾಯಿ ಪರಿಹಾರ ವಿಧಿಸಿತು. 2023ರಲ್ಲಿ ಅದು 30 ಲಕ್ಷಕ್ಕೇರಿತು. ಸೆಪ್ಟಿಕ್ ಟ್ಯಾಂಕ್ ಕಟ್ಟಿಸುವ ಪ್ರತಿಯೊಬ್ಬರೂ ಅದನ್ನು ಖಾಲಿ ಮಾಡುವವರು ಯಾರು, ಹೇಗೆ ಎಂದು ಅಡಿಪಾಯ ತೋಡುವ ದಿನವೇ ಕೇಳಿಕೊಳ್ಳಬೇಕು.

ಗುಂಡಿ ಒಗ್ಗದ ನೆಲದಲ್ಲಿ, ಮನೆಗಳು ಒತ್ತಾಗಿರುವ ಕೇರಿಯಲ್ಲಿ ಊರೆಲ್ಲ ಸೇರಿ ಮಾಡಬೇಕಾದ ಕೆಲಸವಿದೆ. ಇಲ್ಲಿ ಎರಡು ದಾರಿ. ಒಂದು ನಗರದ ದಾರಿ, ಕೊಳಚೆಗೆ ಯಂತ್ರದಿಂದ ಗಾಳಿ ಊದುವುದು. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಇದನ್ನು ರೂಪಿಸಿದರು. ಅವರ ಹಿಂದೆ ಪ್ರೇರಣೆಯಾಗಿ ನಿಂತಿದ್ದ ಗಿಲ್ಬರ್ಟ್ ಫೌಲರ್ ಎರಡೇ ವರ್ಷದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಅದ್ಭುತವಾದ ವಿಧಾನವೇ ಸರಿ, ಆದರೆ ಕರೆಂಟು ಹೋದ ಗಳಿಗೆಯಿಂದ ಅದರ ಬ್ಯಾಕ್ಟೀರಿಯಾಗಳಿಗೆ ಉಸಿರು ಕಟ್ಟತೊಡಗುತ್ತದೆ. ಬೀದಿದೀಪದ ಬಿಲ್ಲಿಗೇ ತಿಣುಕುವ ಪಂಚಾಯ್ತಿಗೆ ಇದನ್ನು ಕೊಡುವುದು ತಪ್ಪು.

ಇನ್ನೊಂದು ದಾರಿಗೆ ಕರೆಂಟೇ ಬೇಡ. ನೀರು ಮೊದಲು ಒಂದು ತೊಟ್ಟಿಯಲ್ಲಿ ನಿಂತು ಗಸಿ ಬಿಡುತ್ತದೆ. ಆಮೇಲೆ ಸಾಲಾಗಿ ನಾಲ್ಕಾರು ಕೋಣೆಗಳು. ತಡೆಗೋಡೆಗಳಿಂದಾಗಿ ನೀರು ಪ್ರತಿ ಕೋಣೆಯಲ್ಲೂ ತಳಕ್ಕಿಳಿದು, ಅಲ್ಲಿನ ಬ್ಯಾಕ್ಟೀರಿಯಾ ಕೆಸರನ್ನು ಹಾದೇ ಮೇಲಕ್ಕೆ ಬರಬೇಕು. ಗಾಳಿ ಬೇಡದ ಈ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ಶಾಖ. ಯುರೋಪಿನ ಚಳಿಯಲ್ಲಿ ಅವು ಮುದುಡುತ್ತವೆ, ನಮ್ಮ ಹವೆಯಲ್ಲಿ ವರ್ಷಪೂರ್ತಿ ದುಡಿಯುತ್ತವೆ. ಬಿಸಿಲು ನಮಗೆ ಕೊಟ್ಟ ವರ ಇದು. ಪಿರಾಣಾದ ಘಟಕವೂ ದೊಡ್ಡ ಪ್ರಮಾಣದಲ್ಲಿ ಇಂಥ ಗಾಳಿರಹಿತ ತತ್ವವನ್ನೇ ಬಳಸಿದೆ. ಕೋಣೆಗಳನ್ನು ದಾಟಿದ ನೀರು ಜಲ್ಲಿ ತುಂಬಿದ ಪಾತಿಗೆ ಬರುತ್ತದೆ. ಪಾತಿಯಲ್ಲಿ ಜೊಂಡು, ಕ್ಯಾನಾ, ಕೆಸು ಬೆಳೆದಿರುತ್ತವೆ. ಗಿಡಗಳು ಕೊಳೆಯನ್ನು ಕುಡಿದುಬಿಡುತ್ತವೆ ಎಂದು ಜನ ತಿಳಿಯುತ್ತಾರೆ. ಅವು ಹೀರುವುದು ಸ್ವಲ್ಪವೇ. ದೊಡ್ಡ ಕೆಲಸ ಮಾಡುವುದು ಜಲ್ಲಿಗೂ ಬೇರಿಗೂ ಅಂಟಿಕೊಂಡ ಬ್ಯಾಕ್ಟೀರಿಯಾಗಳು. ಬೇರು ಅವಕ್ಕೆ ಮನೆ ಕೊಡುತ್ತದೆ, ಒಂದಿಷ್ಟು ಆಮ್ಲಜನಕವನ್ನು ಇಳಿಸಿಕೊಡುತ್ತದೆ. ಕೊನೆಗೊಂದು ತೆಳು ಕೊಳ. ಅಲ್ಲಿ ಪಾಚಿ ಹಗಲೆಲ್ಲ ಆಮ್ಲಜನಕ ಬಿಡುತ್ತದೆ, ನೀರು ಕ್ಷಾರವಾಗುತ್ತದೆ, ಬಿಸಿಲು ತಾಗುತ್ತದೆ. ಮಲದ ಕ್ರಿಮಿಗಳು ಈ ಮೂರನ್ನೂ ತಾಳಲಾರವು. ಜೊಂಡಿನ ಪಾತಿಗೆ ತಲೆಗೆ ಒಂದೆರಡು ಚದರ ಮೀಟರ್ ಜಾಗ ಸಾಕು. 1,500 ಜನರ ಊರಿಗೆ ಎಕರೆಗಿಂತ ಕಡಿಮೆ.

ಇದು ಕಾಗದದ ಮೇಲಿನ ಮಾತಲ್ಲ ಎಂಬುದಕ್ಕೆ ಬೆಂಗಳೂರು ವಿಮಾನ ನಿಲ್ದಾಣದ ಪಕ್ಕದ ದೇವನಹಳ್ಳಿ ಇದೆ. ಒಳಚರಂಡಿಯಿಲ್ಲದ ಆ ಪಟ್ಟಣದ ಸೆಪ್ಟಿಕ್ ಟ್ಯಾಂಕುಗಳಿಂದ ಲಾರಿ ಹೀರಿ ತಂದ ಗಸಿಯನ್ನು ಸಂಸ್ಕರಿಸಲು 2015ರಲ್ಲಿ ಸಿಡಿಡಿ ಸೊಸೈಟಿ ಎಂಬ ಸಂಸ್ಥೆ ಒಂದು ಘಟಕ ಕಟ್ಟಿತು. ದಿನಕ್ಕೆ 6,000 ಲೀಟರ್ ಗಸಿ, ವಿದ್ಯುತ್ತಿನ ಹಂಗಿಲ್ಲದ ಸಂಸ್ಕರಣೆ, ಕೊನೆಗೆ ರೈತರಿಗೆ ಗೊಬ್ಬರ. ಪಟ್ಟಣ ಪ್ರಮಾಣದಲ್ಲಿ ದೇಶದ ಮೊದಲ ಪ್ರಯತ್ನಗಳಲ್ಲಿ ಅದೊಂದು. ನಾಲ್ಕಾರು ಪಂಚಾಯ್ತಿಗಳು ಕೂಡಿದರೆ ಇಂಥದ್ದೊಂದನ್ನು ನಡೆಸಬಹುದು, ಆಗ ಲಾರಿಯವನು ರಾತ್ರಿ ಹೊತ್ತು ಹಳ್ಳಕ್ಕೆ ಸುರಿದು ಓಡಬೇಕಾಗುವುದಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ವಡೋದರಾದಿಂದ ಕಲಿಯಬೇಕು. ಅಲ್ಲಿನ ರಾಸಾಯನಿಕ ಕಾರ್ಖಾನೆಗಳ ತ್ಯಾಜ್ಯವನ್ನು ಖಂಭಾತ್ ಕೊಲ್ಲಿಗೆ ಸಾಗಿಸಲು 1983ರಲ್ಲಿ ಸುಮಾರು 56 ಕಿಲೋಮೀಟರ್ ಉದ್ದದ ಕಾಲುವೆ ಕಟ್ಟಿದರು. ಅದು ಹೊಲಗಳ ನಡುವೆ, ಹಳ್ಳಿಗಳ ಪಕ್ಕದಲ್ಲೇ ಹಾದುಹೋಗುತ್ತದೆ. ನೀರಿಲ್ಲದ ದಿನಗಳಲ್ಲಿ ರೈತರು ಅದಕ್ಕೂ ಪಂಪು ಇಟ್ಟದ್ದುಂಟು. ಜೊಂಡು, ಮಣ್ಣು, ಬ್ಯಾಕ್ಟೀರಿಯಾಗಳಿಗೆ ಅನ್ನ, ಜಿಡ್ಡು, ಮಲ ಮಾತ್ರ ದಕ್ಕುತ್ತವೆ. ಬಣ್ಣ, ಆಮ್ಲ, ಭಾರಲೋಹ ಬಂದರೆ ಬ್ಯಾಕ್ಟೀರಿಯಾಗಳೇ ಮೊದಲು ಸಾಯುತ್ತವೆ. ಹಳ್ಳಿಯಂಚಿನಲ್ಲಿ ಬಣ್ಣದ ಘಟಕವೋ, ಬ್ಯಾಟರಿ ಕರಗಿಸುವ ಶೆಡ್ಡೋ ಬಂದರೆ ಅದರ ನೀರು ಊರ ಮೋರಿಗೆ ಒಂದು ಹನಿಯೂ ಸೇರಕೂಡದು.

ಲೋಥಲ್‌ನ ಎಸ್. ಆರ್. ರಾವ್ ಅವರ ಹೆಸರಿನವರೇ ಆದ ಇನ್ನೊಬ್ಬರು ಗುಜರಾತಿನ ಕೊಳಚೆಯ ಚರಿತ್ರೆಯಲ್ಲಿದ್ದಾರೆ. 1994ರ ಸೆಪ್ಟೆಂಬರಿನಲ್ಲಿ ಪ್ರವಾಹದ ಬೆನ್ನಿಗೆ ಸೂರತ್‌ನಲ್ಲಿ ಪ್ಲೇಗ್ ಹರಡಿ ಲಕ್ಷಾಂತರ ಜನ ಊರು ಬಿಟ್ಟರು. ಮರುವರ್ಷ ಪಾಲಿಕೆಯ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ಎಂಬ ಅಧಿಕಾರಿ ಎರಡೇ ವರ್ಷದಲ್ಲಿ ಅದನ್ನು ದೇಶದ ಸ್ವಚ್ಛ ನಗರಗಳ ಸಾಲಿಗೆ ತಂದರು. 2003ರಲ್ಲಿ ಸೂರತ್ ಅಂಜನಾ ಘಟಕದ ಕೊಳಚೆ ಅನಿಲದಿಂದ ವಿದ್ಯುತ್ ತೆಗೆಯಿತು. 2014ರಿಂದ ಬಮ್ರೋಲಿಯಲ್ಲಿ ದಿನಕ್ಕೆ 4 ಕೋಟಿ ಲೀಟರ್ ಕೊಳಚೆಯನ್ನು ಶುದ್ಧಮಾಡಿ ಪಾಂಡೇಸರಾದ ಬಟ್ಟೆ ಕಾರ್ಖಾನೆಗಳಿಗೆ ಮಾರುತ್ತಿದೆ. ನಮ್ಮಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಏರುತ್ತಿದೆ. ಬಚ್ಚಲು ದಾಟಿದ ನೀರಿಗೆ ಬೆಲೆಯಿದೆ ಎಂಬುದನ್ನು ನಗರಗಳು ಅರಿತಿವೆ. ಹಳ್ಳಿಗೆ ಆ ಬೆಲೆ ಇನ್ನೂ ಸುಲಭವಾಗಿ ಸಿಗುತ್ತದೆ: ಹಿತ್ತಿಲಿನ ಬಾಳೆ, ನುಗ್ಗೆ, ಕರಿಬೇವು ಬಚ್ಚಲ ನೀರಿನಲ್ಲೇ ಬೆಳೆದ ಕಾಲ ತೀರಾ ಹಿಂದಿನದಲ್ಲ.

ದುಡ್ಡಿಲ್ಲ ಎಂಬ ಮಾತನ್ನು ಒಪ್ಪಬೇಕಾಗಿಲ್ಲ. ಸ್ವಚ್ಛ ಭಾರತ ಗ್ರಾಮೀಣ ಯೋಜನೆಯ ಎರಡನೇ ಹಂತದಲ್ಲಿ ಬೂದು ನೀರಿನ ಕೆಲಸಕ್ಕೆಂದು 5,000ದವರೆಗಿನ ಜನಸಂಖ್ಯೆಯ ಊರಿಗೆ ತಲೆಗೆ 280 ರೂಪಾಯಿ, ಅದಕ್ಕಿಂತ ದೊಡ್ಡ ಊರಿಗೆ 660 ರೂಪಾಯಿ ಗೊತ್ತುಮಾಡಲಾಯಿತು. 1,500 ಜನರ ಊರಿಗೆ ಅದು 4 ಲಕ್ಷ 20 ಸಾವಿರ. ಹಣಕಾಸು ಆಯೋಗದ ಅನುದಾನದಲ್ಲಿ ನೈರ್ಮಲ್ಯಕ್ಕೆಂದೇ ಕಟ್ಟಿಟ್ಟ ಪಾಲು ಬೇರೆ ಇದೆ, ಬಚ್ಚಲುಗುಂಡಿಗೆ ಉದ್ಯೋಗ ಖಾತ್ರಿಯಲ್ಲೂ ದಾರಿಯಾಗಿದೆ. ಆದ್ದರಿಂದ ಮುಂದಿನ ಗ್ರಾಮಸಭೆಗೆ ಹೋಗಿ. ನಮ್ಮೂರಿನ ಬಚ್ಚಲ ನೀರು ಕೊನೆಗೆ ಎಲ್ಲಿ ಸೇರುತ್ತಿದೆ, ಆ ಜಾಗ ಕುಡಿಯುವ ನೀರಿನ ಬಾವಿಗೆ ಎಷ್ಟು ದೂರ, ಸೆಪ್ಟಿಕ್ ಟ್ಯಾಂಕುಗಳನ್ನು ಯಾರು ಯಾವ ಯಂತ್ರದಿಂದ ಖಾಲಿ ಮಾಡುತ್ತಿದ್ದಾರೆ, ಆ ಗಸಿಯನ್ನು ಎಲ್ಲಿ ಸುರಿಯುತ್ತಿದ್ದಾರೆ ಎಂದು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.